ಸೇಬಿನ ತವರು ಕಂಡ ವವಿಲೋವ್

ಸರ್ಕಾರಿ ಸೇವೆಯಲ್ಲಿದ್ದಾಗ ಕೃಷಿ ಯೋಜನೆಗಳ ಯಶಸ್ಸನ್ನು ನಾನು ಅಳೆಯುತ್ತಿದ್ದುದು ಒಂದೇ ಮಾನದಂಡದಿಂದ: ಎಕರೆಗೆ ಎಷ್ಟು ಇಳುವರಿ? ಅರ್ಥಶಾಸ್ತ್ರ ಓದಿದವನಿಗೆ ಅದು ಸಹಜವೂ ಆಗಿತ್ತು. ನಾಟಿ ತಳಿ ಎಂದರೆ ನನ್ನ ಕಡತಗಳಲ್ಲಿ ಹಿಂದುಳಿದಿರುವಿಕೆಯ ಇನ್ನೊಂದು ಹೆಸರು. ನಿವೃತ್ತಿಯ ನಂತರ ಆ ನಂಬಿಕೆಯನ್ನು ಅಲುಗಿಸಿದ್ದು ರಷ್ಯದ ಸಸ್ಯವಿಜ್ಞಾನಿ ನಿಕೊಲಾಯ್ ವವಿಲೋವ್ ಅವರ ಬದುಕು.

1887ರಲ್ಲಿ ಮಾಸ್ಕೋದಲ್ಲಿ ಜನಿಸಿದ ವವಿಲೋವ್ ಅವರನ್ನು ಆರಂಭದಿಂದಲೇ ಸೆಳೆದ ವಿಷಯ ಸಸ್ಯಗಳ ರೋಗನಿರೋಧಕ ಶಕ್ತಿ. ಒಂದು ಗೋಧಿ ತಳಿ ತುಕ್ಕುರೋಗಕ್ಕೆ ಬಲಿಯಾದರೆ ಪಕ್ಕದ ಇನ್ನೊಂದು ಹಸಿರಾಗಿಯೇ ಉಳಿಯುವುದೇಕೆ? 1913ರಲ್ಲಿ ಇಂಗ್ಲೆಂಡಿಗೆ ತೆರಳಿ ತಳಿವಿಜ್ಞಾನಿ ವಿಲಿಯಂ ಬೇಟ್ಸನ್ ಅವರ ಬಳಿ ಅಧ್ಯಯನ ನಡೆಸಿದರು. ರೋಗ ತಾಳುವ ಗುಣ ವಂಶವಾಹಿಯಾಗಿ ಬರುವಂಥದು. ವೈವಿಧ್ಯ ಹೆಚ್ಚಿರುವ ಬೆಳೆಯ ತವರುನೆಲದಲ್ಲಿ ಅದನ್ನು ಅರಸಬೇಕು ಎಂಬ ನಿಲುವಿಗೆ ಬಂದರು.

ಆ ಅರಸುವಿಕೆ 1929ರಲ್ಲಿ ಅವರನ್ನು ಇಂದಿನ ಕಜಾಕಸ್ತಾನದ ಆಲ್ಮಾ-ಅತಾಕ್ಕೆ ಕರೆದೊಯ್ದಿತು. ಅಲ್ಲಿನ ಬೆಟ್ಟಗಳಲ್ಲಿ ಬಣ್ಣ, ಗಾತ್ರ, ರುಚಿಯಲ್ಲಿ ಒಂದರಂತೆ ಇನ್ನೊಂದಿಲ್ಲದ ಕಾಡುಸೇಬುಗಳ ಅರಣ್ಯವೇ ಇತ್ತು. ಸೇಬಿನ ತವರು ಇದೇ ಎಂದು ಅವರು ಗುರುತಿಸಿದರು. 2010ರಲ್ಲಿ ಪ್ರಕಟವಾದ ಸೇಬಿನ ಜೀನೋಮ್ ಅಧ್ಯಯನವೂ ಆ ಕಾಡುಸೇಬಿನತ್ತಲೇ ಬೆರಳು ತೋರಿತು.

ಇದರ ಮಹತ್ವ ಅರಿಯಲು ತೋಟದತ್ತ ನೋಡಬೇಕು. ವಾಣಿಜ್ಯ ತೋಟದ ಒಂದು ತಳಿಯ ಮರಗಳೆಲ್ಲ ಕಸಿಯಿಂದ ಬಂದವು. ಅನುವಂಶಿಕವಾಗಿ ಒಂದೇ ಮರದ ಪ್ರತಿಗಳು. ರೋಗಾಣು ಒಂದನ್ನು ಗೆದ್ದರೆ ಎಲ್ಲವನ್ನೂ ಗೆದ್ದಂತೆ. 1973ರಲ್ಲಿ ಕಾಶ್ಮೀರದ ತೋಟಗಳನ್ನು ಸ್ಕ್ಯಾಬ್ ಎಂಬ ಶಿಲೀಂಧ್ರ ರೋಗ ಕಾಡಿದ್ದು ನಮ್ಮ ಹಿರಿಯರಿಗೆ ನೆನಪಿರಬಹುದು. ಕಾಡಿನಲ್ಲಿ ಬೀಜದಿಂದ ಹುಟ್ಟುವ ಪ್ರತಿ ಮರವೂ ಬೇರೆ. ಅವೆಲ್ಲವೂ ರೋಗ ತಾಳುತ್ತವೆ ಎಂದಲ್ಲ. ತಾಳುವ ಕೆಲವು ಅಲ್ಲಿ ಸಿಗುತ್ತವೆ. 1989ರಿಂದ ಅಮೆರಿಕದ ವಿಜ್ಞಾನಿಗಳು ಕಜಾಕಸ್ತಾನದಿಂದ ತಂದ ಬೀಜಗಳ ಸಸಿಗಳಲ್ಲಿ ಸ್ಕ್ಯಾಬ್‌ಗೆ ಮಣಿಯದವೂ ಇದ್ದವು.

ಇಂಥ ವಿಜ್ಞಾನಿಗೆ ದೊರೆತ ಪ್ರತಿಫಲವೇನು? ದಿಢೀರ್ ಫಲಿತಾಂಶದ ಭರವಸೆ ನೀಡಿದ, ತಳಿವಿಜ್ಞಾನವನ್ನೇ ಅಲ್ಲಗಳೆದ ಲೈಸೆಂಕೊ ಅವರತ್ತ ಸ್ಟಾಲಿನ್ ಒಲವು ತಿರುಗಿತು. 1940ರ ಆಗಸ್ಟ್‌ನಲ್ಲಿ ವವಿಲೋವ್ ಬಂಧಿತರಾದರು. ಮರುವರ್ಷ ಮರಣದಂಡನೆ ವಿಧಿಸಲಾಯಿತು. ಬಳಿಕ ಅದು ಸೆರೆವಾಸವಾಯಿತು. ಜಗತ್ತಿನ ಹಸಿವು ನೀಗಲು ಬೀಜ ಕೂಡಿಸಿದವರು 1943ರ ಜನವರಿಯಲ್ಲಿ ಸರಾಟೊವ್ ಸೆರೆಮನೆಯಲ್ಲಿ ಹಸಿವಿನಿಂದ ಸೊರಗಿ ಸತ್ತರು. ಮುತ್ತಿಗೆಗೊಳಗಾದ ಲೆನಿನ್‌ಗ್ರಾಡ್‌ನಲ್ಲಿ ಅವರ ಸಹೋದ್ಯೋಗಿಗಳು ಅಕ್ಕಿ, ಕಡಲೆಕಾಯಿ ಬೀಜಗಳ ನಡುವೆಯೇ ಹಸಿದು ಪ್ರಾಣ ಬಿಟ್ಟರು. ಆದರೆ ಸಂಗ್ರಹವನ್ನು ಮುಟ್ಟಲಿಲ್ಲ. ವವಿಲೋವ್ ನಿರಪರಾಧಿ ಎಂದು ಸರ್ಕಾರ ಒಪ್ಪಿದ್ದು 1955ರಲ್ಲಿ.

ಅವರ ವಿರುದ್ಧದ ಕಡತಕ್ಕೂ ಯಾರೋ ಅಧಿಕಾರಿಗಳು ಸಹಿ ಹಾಕಿರಬೇಕು. ನಿಯಮದಂತೆ, ನಿಗದಿತ ದಿನಾಂಕದೊಳಗೆ. ಈ ವಾರ್ಷಿಕ ಗುರಿಯ ಅವಸರ ನನಗೆ ಅಪರಿಚಿತವಲ್ಲ. ಇಳುವರಿಯ ಲೆಕ್ಕ ಒಂದು ವರ್ಷದ್ದು. ನಾಟಿ ತಳಿಯ ಲೆಕ್ಕ ರೋಗ ಬಂದ ವರ್ಷಕ್ಕೆ ಮಾತ್ರ ತಿಳಿಯುವಂಥದು. ವಿಮೆಯ ಕಂತನ್ನು ದಂಡದ ಖರ್ಚೆಂದು ಯಾವ ಅರ್ಥಶಾಸ್ತ್ರಜ್ಞನೂ ಹೇಳಲಾರ. ನಾನು ಮಾತ್ರ ಸೇವೆಯುದ್ದಕ್ಕೂ ಹಾಗೆಯೇ ಬರೆದೆ.