ಕಲಾಶಾಲೆಯ ಬಾಗಿಲಲ್ಲಿ ಉಪಾಹಾರ ಬಡಿಸಿದ ಹೆನ್ರಿ ಕೋಲ್

ಕಲಾಪ್ರದರ್ಶನದ ಉದ್ಘಾಟನೆಯೆಂದರೆ ಚಹಾ-ತಿಂಡಿಯ ಏರ್ಪಾಡೂ ಇರುವುದು ಇಂದಿನ ರೂಢಿ. ಕಲೆ ಕಾಣಬಂದವರ ಹಸಿವನ್ನೂ ಗಮನಿಸಿದ ಮೊದಲಿಗರಲ್ಲಿ ಪ್ರಮುಖರು, ವಿಕ್ಟೋರಿಯಾ ಯುಗದ ಸರ್ ಹೆನ್ರಿ ಕೋಲ್.

1808ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಜನಿಸಿದ ಕೋಲ್, 15ನೇ ವಯಸ್ಸಿನಲ್ಲೇ ಸರ್ಕಾರಿ ದಾಖಲೆಗಳ ಗುಮಾಸ್ತರಾದರು. 1843ರಲ್ಲಿ ಮೊದಲ ಕ್ರಿಸ್‌ಮಸ್ ಶುಭಾಶಯ ಪತ್ರವನ್ನು ಮಾರಾಟಕ್ಕೆ ತಂದರು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಡೆದ ಮಹಾಪ್ರದರ್ಶನದ ಹಿಂದಿದ್ದವರು ರಾಜಕುಮಾರ ಆಲ್ಬರ್ಟ್ ಹಾಗೂ ಕೋಲ್. ಗಾಜಿನ ಅರಮನೆಗೆ 60 ಲಕ್ಷ ಭೇಟಿಗಳಾದವು. ಅಲ್ಲಿ ಮದ್ಯಕ್ಕೆ ಅವಕಾಶವಿರಲಿಲ್ಲ. ಸೋಡಾ, ನಿಂಬೆ ಪಾನಕ ಹಾಗೂ ಕೋಲ್ ಅವರ ಹುಟ್ಟೂರಿನ ಹೆಸರು ಹೊತ್ತ ಬಾತ್ ಬನ್ನುಗಳು ಲಕ್ಷಗಟ್ಟಲೆ ಖರ್ಚಾದವು.

ಪ್ರದರ್ಶನದ ಲಾಭದಿಂದ ಕೊಂಡ ಭೂಮಿಯಲ್ಲಿ 1857ರಲ್ಲಿ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ ತೆರೆಯಿತು. ನಿರ್ದೇಶಕರಾದ ಕೋಲ್ ಅಲ್ಲಿ ಉಪಾಹಾರ ಗೃಹವನ್ನೂ ಸ್ಥಾಪಿಸಿದರು. ಹಗಲೆಲ್ಲ ದುಡಿಯುವವರಿಗೆ ಕಲೆ ಎಟುಕಬೇಕೆಂದು ಗ್ಯಾಸ್ ದೀಪ ಬೆಳಗಿಸಿ ಸಂಜೆಯೂ ಬಾಗಿಲು ತೆರೆದರು. ಕಾರ್ಮಿಕರು ಹೆಂಡದಂಗಡಿಯ ಬದಲು ಹೆಂಡತಿ-ಮಕ್ಕಳೊಡನೆ ಇಲ್ಲಿಗೆ ಬರಲಿ ಎಂಬುದು ಅವರ ಆಶಯವಾಗಿತ್ತು. ಮುಂದೆ ವಿಲಿಯಂ ಮಾರಿಸ್ ಸಂಸ್ಥೆ ಅಲ್ಲಿನ ಭೋಜನ ಕೊಠಡಿಯೊಂದನ್ನೇ ಕಲಾಕೃತಿಯಾಗಿಸಿತು.

ಕೋಲ್ 1882ರಲ್ಲಿ ನಿಧನರಾದರು. 1899ರಲ್ಲಿ ಆ ಸಂಗ್ರಹಾಲಯಕ್ಕೆ ವಿಕ್ಟೋರಿಯಾ ಮತ್ತು ಆಲ್ಬರ್ಟರ ಹೆಸರು ಬಂತು. ಕಲೆ ಉಳ್ಳವರ ಸೊತ್ತಲ್ಲವೆಂಬ ಕೋಲ್ ಅವರ ನಂಬಿಕೆ ಮಾತ್ರ ಅಲ್ಲಿ ಉಳಿಯಿತು.