ಗೋಪಾಲಗೌಡರ ಲೆಕ್ಕ, ಸೋನಕ್ಕನ ಲೆಕ್ಕ

ಈ ಸಲದ ಇ-ಸ್ಮರಣಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಮಹಿಳಾ ವೇದಿಕೆಯ ಗೆಳತಿಯರು ಕೇಳಿದಾಗ ಮೊದಲು ಬೇಡ ಅಂದಿದ್ದೆ. ಕೋಡ್ ಬರೆಯುವುದು ನನ್ನ ಕೆಲಸ, ಲೇಖನ ಬರೆಯುವುದಲ್ಲ. ಎಂ.ಟೆಕ್. ಮುಗಿಸಿದ ಮೇಲೆ ಕನ್ನಡದಲ್ಲಿ ನಾನು ಬರೆದದ್ದೆಲ್ಲ ವಾಟ್ಸ್ಆಪ್ ಮೆಸೇಜುಗಳೇ. ಆದರೆ ಹೋದ ವರ್ಷ ನಡೆದ ಒಂದು ಸಣ್ಣ ಘಟನೆ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅದನ್ನು ಹೇಳಿಕೊಂಡು, ಆ ನೆಪದಲ್ಲಿ ನಮ್ಮೂರಿನ ಒಬ್ಬ ದೊಡ್ಡ ಮನುಷ್ಯನನ್ನು ನೆನೆಯೋಣ ಅನ್ನಿಸಿತು.

ಹೋದ ವರ್ಷದ ರಾಜ್ಯೋತ್ಸವ ಕಾರ್ಯಕ್ರಮದ ಖರ್ಚಿನ ಜವಾಬ್ದಾರಿ ನನ್ನದಾಗಿತ್ತು. ಕಾರ್ಯಕ್ರಮ ಮುಗಿದ ಮೇಲಿನ ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ಓಡಾಟದ ಖರ್ಚಿನ ರಸೀದಿಗಳು ಎಲ್ಲಿ ಎಂದು ಮೆಲ್ಲಗೆ ಕೇಳಿದರು. ನನಗೆ ಎಲ್ಲಿಲ್ಲದ ಕೋಪ ಬಂತು. ರಜೆ ಹಾಕಿ, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಎಚ್‌ಎಂಟಿ ಜಂಕ್ಷನ್‌ನಿಂದ ಎರ್ನಾಕುಳಂವರೆಗೆ ಹತ್ತು ಸಲ ಓಡಾಡಿದವಳನ್ನು ಹೀಗೆ ಕೇಳುವುದೇ? ನಂಬಿಕೆಯಿಲ್ಲದಿದ್ದರೆ ಬೇರೆಯವರಿಗೆ ಕೊಡಿ ಎಂದು ಹೇಳಿ ಎದ್ದು ಬಂದುಬಿಟ್ಟೆ. ರಾತ್ರಿ ಮನೆಯಲ್ಲಿ ಕೂತು ಎಕ್ಸೆಲ್ ಶೀಟ್ ತೆರೆದರೆ 1,340 ರೂಪಾಯಿಗೆ ನನ್ನ ಹತ್ತಿರ ಯಾವ ಕಾಗದವೂ ಇರಲಿಲ್ಲ. ಆಟೊದ ದುಡ್ಡು, ಅಂದಾಜಿನ ಮೇಲೆ ಬರೆದಿದ್ದೆ. ಅದರಲ್ಲಿ ಒಂದು ದಿನ ನನ್ನ ಸ್ವಂತ ಕೆಲಸವೂ ಸೇರಿತ್ತು. ಕದ್ದದ್ದಲ್ಲ, ನಿಜ. ಆದರೆ ಕೇಳಿದವರ ತಪ್ಪೂ ಏನಿರಲಿಲ್ಲ.

ಅವತ್ತು ರಾತ್ರಿ ನೆನಪಾದದ್ದು ನನ್ನ ಅಜ್ಜಿ. ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜಿ ಜೀವಮಾನದಲ್ಲಿ ಒಬ್ಬನೇ ಒಬ್ಬ ರಾಜಕಾರಣಿಗೆ ದುಡ್ಡು ಕೊಟ್ಟಿದ್ದಳು, ಒಂದು ರೂಪಾಯಿಯ ಒಂದು ನೋಟು. ಅದನ್ನು ತೆಗೆದುಕೊಂಡವರು ಶಾಂತವೇರಿ ಗೋಪಾಲಗೌಡರು. ಓಟಿನ ಜೊತೆ ಒಂದು ನೋಟನ್ನೂ ಕೊಡಿ ಎಂದು ಊರೂರು ಸುತ್ತಿ ಕೇಳುತ್ತಿದ್ದ ಮನುಷ್ಯ. ಓಟಿಗಾಗಿ ನೋಟು ಹಂಚುವವರನ್ನು ಕಂಡು ಬೆಳೆದ ನನಗೆ ಚಿಕ್ಕಂದಿನಲ್ಲಿ ಇದು ತಲೆಕೆಳಗಾದ ಕಥೆಯ ಹಾಗೆ ಕೇಳಿಸುತ್ತಿತ್ತು.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ತಂದೆ ಕೊಲ್ಲೂರಯ್ಯನವರದು ಅಂಚೆ ಇಲಾಖೆಯ ಸಣ್ಣ ಕೆಲಸ. ಬಡತನದಲ್ಲೇ ಓದು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಸಮಾಜವಾದಿ ಪಕ್ಷದ ದಾರಿ ಹಿಡಿದರು. ರಾಮಮನೋಹರ ಲೋಹಿಯಾ ಅವರ ವಿಚಾರಗಳೇ ಕೊನೆಯತನಕ ಅವರ ದಾರಿದೀಪ.

ಅವರ ಹೆಸರು ಮಲೆನಾಡಿನಲ್ಲಿ ಮನೆಮಾತಾದದ್ದು 1951ರ ಕಾಗೋಡು ಸತ್ಯಾಗ್ರಹದಿಂದ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭತ್ತವನ್ನು ಕೊಳಗದಲ್ಲಿ ಅಳೆದು ಒಡೆಯರಿಗೆ ಕೊಡಬೇಕಿತ್ತು. ಆದರೆ ಒಡೆಯರ ಮನೆಯ ಕೊಳಗ ಬೇರೆಯ ಕೊಳಗಕ್ಕಿಂತ ದೊಡ್ಡದು. ಅಳತೆ ಸರಿಯಿರಲಿ ಎಂದು ಕೇಳಿದ ರೈತರಿಗೆ ಉಳುವ ನೆಲವೇ ಹೋಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು, ಗೋಪಾಲಗೌಡರು ಮತ್ತು ಸಮಾಜವಾದಿಗಳು ಬೆಂಬಲಕ್ಕೆ ನಿಂತರು. ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ಈ ಕೊಳಗದ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ನನ್ನ ಎಕ್ಸೆಲ್ ಶೀಟಿನ ಮುಂದೆ ಕೂತ ರಾತ್ರಿಯೇ ಅದು ನನಗೆ ಅರ್ಥವಾದದ್ದು. ಅಳೆಯುವವನ ಕೈಯಲ್ಲೇ ಕೊಳಗ ಇದ್ದರೆ, ಅದನ್ನು ತಿರುಗಿಸಿ ನೋಡುವ ಹಕ್ಕು ಬೇರೆಯವರಿಗೆ ಇರಲೇಬೇಕು. ಅಳೆಯುವವನು ಒಳ್ಳೆಯವನೋ ಕೆಟ್ಟವನೋ ಎಂಬುದು ಆಮೇಲಿನ ಮಾತು.

ಮರುವರ್ಷ, 1952ರ ಮೊದಲ ಚುನಾವಣೆಯಲ್ಲಿ, ಮೂವತ್ತು ತುಂಬುವ ಮೊದಲೇ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಯಾವತ್ತೂ ಮಂತ್ರಿಯಾಗಲಿಲ್ಲ. ವಿರೋಧ ಪಕ್ಷದ ಬೆಂಚಿನಲ್ಲೇ ಕೂತು ಗೇಣಿದಾರರ ಬಗ್ಗೆ, ಆಡಳಿತದಲ್ಲಿ ಕನ್ನಡದ ಬಗ್ಗೆ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕೆಂಬುದರ ಬಗ್ಗೆ ಮಾತಾಡಿದರು. ಸಿಟ್ಟು ಜಾಸ್ತಿ, ಸದನದಲ್ಲಿ ಮೈಕು ಮುರಿದದ್ದೂ ಉಂಟು. ಗೋಪಾಲಕೃಷ್ಣ ಅಡಿಗರು, ಅನಂತಮೂರ್ತಿಯವರು, ಲಂಕೇಶರು, ಇಂಥವರೆಲ್ಲ ಅವರ ಒಡನಾಟದವರು. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ನಾಯಕನಿಗೆ ಅವರೇ ಪ್ರೇರಣೆ. ಜೆ.ಎಚ್. ಪಟೇಲರು, ಬಂಗಾರಪ್ಪನವರು, ಕಾಗೋಡು ತಿಮ್ಮಪ್ಪನವರು, ಇವರೆಲ್ಲ ಅವರ ಪ್ರಭಾವದಲ್ಲಿ ಬೆಳೆದವರೇ.

ಅವರ ರಾಜಕೀಯಕ್ಕೆ ನಾವಿರುವ ಕೇರಳದ ನಂಟೂ ಇದೆ ಎಂಬುದು ಇಲ್ಲಿಗೆ ಬಂದ ಮೇಲೆ ನಾನು ತಿಳಿದುಕೊಂಡ ವಿಷಯ. 1954ರಲ್ಲಿ ತಿರುವನಂತಪುರದಲ್ಲಿ ಪಟ್ಟಂ ತಾಣುಪಿಳ್ಳೆಯವರ ಪ್ರಜಾ ಸೋಷಲಿಸ್ಟ್ ಸರ್ಕಾರವಿತ್ತು. ಆಗ ತಿರುವಾಂಕೂರಿನ ದಕ್ಷಿಣ ಭಾಗದಲ್ಲಿ ಪೊಲೀಸ್ ಗೋಲಿಬಾರ್ ಆಗಿ ಜನ ಸತ್ತರು. ಬೇರೆ ಪಕ್ಷದ ಸರ್ಕಾರವಾಗಿದ್ದರೆ ರಾಜೀನಾಮೆ ಕೇಳುವುದು ಸುಲಭ. ಲೋಹಿಯಾ ಅವರು ತಮ್ಮದೇ ಪಕ್ಷದ ಸರ್ಕಾರದ ರಾಜೀನಾಮೆ ಕೇಳಿದರು. ಆ ಜಗಳ ಬೆಳೆದು ಪಕ್ಷವೇ ಒಡೆಯಿತು. ಗೋಪಾಲಗೌಡರು ಲೋಹಿಯಾ ಅವರ ಜೊತೆಗೇ ಉಳಿದರು. ನಮ್ಮವರನ್ನೂ ಕೇಳಬೇಕು ಎಂಬ ಪಾಠ ಅದು.

ಅದೇ ಲೋಹಿಯಾ 1963ರಲ್ಲಿ ಲೋಕಸಭೆಗೆ ಬಂದ ಮೇಲೆ ಮಾಡಿದ ಮೊದಲ ದೊಡ್ಡ ಗಲಾಟೆ ಖರ್ಚಿನದೇ. ದೇಶದ ಬಹುಪಾಲು ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುವಾಗ ಪ್ರಧಾನಿ ನೆಹರೂ ಅವರ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಎಂದು ಅವರು ಹೇಳಿದರು. ಸರ್ಕಾರ ಆ ಅಂಕಿಗಳನ್ನು ಒಪ್ಪಲಿಲ್ಲ, ಮೂರಾಣೆಯಲ್ಲ ಹದಿನೈದಾಣೆ ಎಂದಿತು. ಅಂಕಿ ಯಾರದು ಸರಿ ಎನ್ನುವುದಕ್ಕಿಂತ, ಪ್ರಧಾನಿಯ ಖರ್ಚನ್ನು ಬಡವನ ಖರ್ಚಿನ ಪಕ್ಕದಲ್ಲಿಟ್ಟು ಸಂಸತ್ತಿನಲ್ಲೇ ಚರ್ಚಿಸಿದ್ದು ದೊಡ್ಡದು.

ಗುರು ದೆಹಲಿಯಲ್ಲಿ ಕೇಳಿದ್ದನ್ನು ಶಿಷ್ಯ ತನ್ನ ಬದುಕಿನಲ್ಲಿ ನಡೆಸಿದರು. ಚುನಾವಣೆಗೆ ಬೇಕಾದ ಹಣ ಜನರಿಂದ, ಒಂದೊಂದು ರೂಪಾಯಿಯಾಗಿ. ಹಾಗಾಗಿ ಗೆದ್ದ ಮೇಲೆ ಯಾವ ದೊಡ್ಡ ಸಾಹುಕಾರನ ಋಣವೂ ಇಲ್ಲ. ಬೆಂಗಳೂರಿನಲ್ಲಿ ಸಿಗಬಹುದಾಗಿದ್ದ ನಿವೇಶನವನ್ನು ಅವರು ಬೇಡವೆಂದರು ಎಂಬ ಮಾತು ನಮ್ಮ ಕಡೆ ಇವತ್ತಿಗೂ ಇದೆ. ಹಾಗೆ ನಿವೇಶನ ಬೇಡ ಎಂದವರ ಹೆಸರಿನಲ್ಲಿ ಈಗ ಶಿವಮೊಗ್ಗದಲ್ಲಿ ಒಂದು ಬಡಾವಣೆಯೇ ಇದೆ!

ಇಲ್ಲಿಯವರೆಗಿನ ಕಥೆ ಎಲ್ಲ ಭಾಷಣಗಳಲ್ಲೂ ಬರುತ್ತದೆ. ಮಹಿಳಾ ವೇದಿಕೆಯ ಸಂಚಿಕೆಯಾದ್ದರಿಂದ ಭಾಷಣಗಳಲ್ಲಿ ಕಡಿಮೆ ಬರುವ ಇನ್ನೊಬ್ಬರ ಬಗ್ಗೆ ಹೇಳುತ್ತೇನೆ. ಗೋಪಾಲಗೌಡರು ಮದುವೆಯಾದದ್ದು ತಡವಾಗಿ, ನಲವತ್ತರ ಆಸುಪಾಸಿನಲ್ಲಿ. ಪತ್ನಿ ಸೋನಕ್ಕ ಶಾಲೆಯ ಶಿಕ್ಷಕಿ. ಗಂಡ ಶಾಸಕ, ಮನೆಗೆ ಬರುವವರು ನೂರಾರು ಜನ, ಕೈಯಲ್ಲಿ ದುಡ್ಡು ನಿಲ್ಲದ ಸ್ವಭಾವ. ಕೊನೆಯ ವರ್ಷಗಳಲ್ಲಿ ಆರೋಗ್ಯವೂ ಕೈಕೊಟ್ಟಿತು. ಆ ಮನೆಗೆ ಆಧಾರವಾದದ್ದು ಸೋನಕ್ಕನ ಸಂಬಳ. 1972ರ ಜೂನ್ 9ರಂದು, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಗೋಪಾಲಗೌಡರು ತೀರಿಕೊಂಡಾಗ ಮಕ್ಕಳಿನ್ನೂ ಚಿಕ್ಕವರು. ಅವರನ್ನು ಬೆಳೆಸುವ ಭಾರವೂ ಆಕೆಯದೇ.

ನಾನೂ ದುಡಿಯುವ ಹೆಂಗಸು, ತಿಂಗಳ ಕೊನೆಯಲ್ಲಿ ಮನೆಯ ಲೆಕ್ಕ ನೋಡುವವಳು. ಅದಕ್ಕೇ ಅನ್ನಿಸುತ್ತದೆ, ಗೋಪಾಲಗೌಡರ ಪ್ರಾಮಾಣಿಕತೆಯ ಬಿಲ್ಲಿನಲ್ಲಿ ಒಂದು ಭಾಗವನ್ನು ಕಟ್ಟಿದವರು ಸೋನಕ್ಕ. ಆ ಬಿಲ್ಲು ಯಾವ ಸದನದಲ್ಲೂ ಮಂಡನೆಯಾಗಲಿಲ್ಲ. ರಾಜಕಾರಣಿ ಸಂಬಳವೇ ತೆಗೆದುಕೊಳ್ಳಬಾರದು, ಬಡವನಾಗಿಯೇ ಸಾಯಬೇಕು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಗಾದರೆ ರಾಜಕೀಯಕ್ಕೆ ಬರುವವರು ಯಾರು? ಅಪ್ಪನ ಆಸ್ತಿ ಇದ್ದವರು, ಇಲ್ಲವೇ ಮನೆಯಲ್ಲಿ ದುಡಿದು ಸಾಕುವ ಸೋನಕ್ಕ ಇದ್ದವರು. ಇಂಗ್ಲೆಂಡಿನ ಕಾರ್ಮಿಕರು 1838ರಷ್ಟು ಹಿಂದೆಯೇ ಸಂಸದರಿಗೆ ಸಂಬಳ ಕೊಡಿ ಎಂದು ಬೇಡಿಕೆ ಇಟ್ಟದ್ದು ಇದೇ ಕಾರಣಕ್ಕೆ, ಬಡವನೂ ಸಂಸತ್ತಿಗೆ ಹೋಗಲಿ ಎಂದು. ಅಲ್ಲಿ ಸಂಬಳ ಶುರುವಾದದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡ್.

ಹಾಗಾಗಿ ನನ್ನ ತಕರಾರು ಸಂಬಳದ ಮೇಲಲ್ಲ, ಕೊಳಗದ ಮೇಲೆ. ನಮ್ಮ ಸಂವಿಧಾನದ 195ನೇ ವಿಧಿಯ ಪ್ರಕಾರ ಶಾಸಕರ ಸಂಬಳ ಭತ್ಯೆಗಳನ್ನು ನಿಗದಿ ಮಾಡುವುದು ಶಾಸನಸಭೆಯೇ, ಅಂದರೆ ಶಾಸಕರೇ. 2025ರ ಮಾರ್ಚಿನಲ್ಲಿ ಕರ್ನಾಟಕದಲ್ಲಿ ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಗಳದ್ದು 75,000ದಿಂದ 1,50,000ಕ್ಕೆ ಏರಿತು. ಭತ್ಯೆಗಳು ಬೇರೆ. ಮಸೂದೆ ಪಾಸಾದದ್ದು ಸದನದ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ. ಗೋಪಾಲಗೌಡರು ಕೂತಿದ್ದ ಸದನ ಅದು. ಇಷ್ಟು ಬೇಕು, ಇಂತಿಂಥ ಕಾರಣಕ್ಕೆ ಬೇಕು ಎಂದು ನಮಗೆ ಬಿಡಿಸಿ ಹೇಳಿದ್ದರೆ ಒಪ್ಪುವವರೂ ಇರುತ್ತಿದ್ದರು.

ಕೇರಳದಲ್ಲಿ 2018ರಲ್ಲಿ ಶಾಸಕರಿಗೆ ತಿಂಗಳಿಗೆ ಸಿಗುವ ಒಟ್ಟು ಮೊತ್ತ 39,500ರಿಂದ 70,000ಕ್ಕೆ ಏರಿತ್ತು. ಅದರಲ್ಲಿ ನಿಗದಿತ ವೇತನದಂಥದ್ದು ಬರೀ 2,000. ಉಳಿದದ್ದು ಕ್ಷೇತ್ರ ಭತ್ಯೆ 25,000, ಪ್ರಯಾಣ 20,000, ಟೆಲಿಫೋನ್ 11,000, ಅತಿಥಿ ಸತ್ಕಾರ 8,000, ಮಾಹಿತಿ ಭತ್ಯೆ 4,000. ನನ್ನ ಸ್ಯಾಲರಿ ಸ್ಲಿಪ್ಪಿನ ಹಾಗೆ ಬಿಡಿಬಿಡಿಯಾಗಿ ಕಾಣುವುದೇ ಒಳ್ಳೆಯದು. ಆದರೆ ಕ್ಷೇತ್ರ ಭತ್ಯೆಯ 25,000 ಯಾವ ಕೆಲಸಕ್ಕೆ ಹೋಯಿತು ಎಂಬ ತಿಂಗಳ ಲೆಕ್ಕ ಕಳಮಶ್ಶೇರಿಯ ಮತದಾರರ ಮೊಬೈಲಿಗೆ ಬರುವುದಿಲ್ಲ. ನಾನು ಆಫೀಸಿನ ಕೆಲಸಕ್ಕೆ ತಿರುವನಂತಪುರಕ್ಕೆ ಹೋಗಿ ಬಂದರೆ ಟ್ರೈನ್ ಟಿಕೆಟ್ಟು, ಊಟದ ಬಿಲ್ಲು ಎಲ್ಲ ಅಪ್‌ಲೋಡ್ ಮಾಡಿದ ಮೇಲೆಯೇ ದುಡ್ಡು ಬರುವುದು!

ಇದು ಆಗದ ಕೆಲಸವೇನಲ್ಲ. 2009ರಲ್ಲಿ ಬ್ರಿಟನ್ನಿನ ಸಂಸದರ ಖರ್ಚಿನ ಬಿಲ್ಲುಗಳು ಬಯಲಾಗಿ ದೊಡ್ಡ ಹಗರಣವಾಯಿತು. ಆಮೇಲೆ ಅಲ್ಲಿ ಸ್ವತಂತ್ರ ಪ್ರಾಧಿಕಾರವೊಂದನ್ನು ಮಾಡಿದರು. ಈಗ ಸಂಸದರ ಸಂಬಳ ನಿಗದಿ ಮಾಡುವುದೂ, ಅವರು ಪಡೆದ ಖರ್ಚಿನ ವಿವರವನ್ನು ಅಂತರ್ಜಾಲದಲ್ಲಿ ಹಾಕುವುದೂ ಅದೇ. ನಮ್ಮಲ್ಲೂ ದಾರಿಗಳು ಇಲ್ಲವೆಂದಲ್ಲ. 2005ರಿಂದ ಮಾಹಿತಿ ಹಕ್ಕು ಕಾಯ್ದೆ ಇದೆ. ಗೆದ್ದವರೂ ಸೋತವರೂ ಫಲಿತಾಂಶ ಬಂದ 30 ದಿನಗಳ ಒಳಗೆ ಚುನಾವಣಾ ಖರ್ಚಿನ ಲೆಕ್ಕ ಕೊಡಬೇಕು. ನಮ್ಮ ಎರಡೂ ರಾಜ್ಯಗಳಲ್ಲಿ ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷದ ಮಿತಿಯಿದೆ, ಆದರೆ ಪಕ್ಷ ಮಾಡುವ ಖರ್ಚಿಗೆ ಮಿತಿಯಿಲ್ಲ. ಅಜ್ಜಿಯ ಒಂದು ರೂಪಾಯಿಯಿಂದ ನಾವು ಎಷ್ಟು ದೂರ ಬಂದೆವು ನೋಡಿ.

ಗೋಪಾಲಗೌಡರಂಥವರು ಮತ್ತೆ ಹುಟ್ಟಿ ಬರಲಿ ಎಂದು ಸಭೆಗಳಲ್ಲಿ ಹೇಳುವುದುಂಟು. ನಾನು ಹಾಗೆ ಹೇಳುವುದಿಲ್ಲ. ಅಂಥವರು ಬರುವತನಕ ಕಾಯುವ ಬದಲು, ಸಾಮಾನ್ಯ ಮನುಷ್ಯನೂ ಸರಿಯಾಗಿ ನಡೆದುಕೊಳ್ಳುವ ಹಾಗೆ ಲೆಕ್ಕದ ಪುಸ್ತಕವನ್ನು ತೆರೆದಿಡುವುದು ಮೇಲು. ನಾನು ಸಾಮಾನ್ಯಳು ಎಂಬುದಕ್ಕೆ ಆ 1,340 ರೂಪಾಯಿಯೇ ಸಾಕ್ಷಿ.

ಮುಂದಿನ ಭಾನುವಾರ ಆ ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು ಕಾಫಿ ಕೊಟ್ಟರು. ರಸೀದಿಯಿಲ್ಲದ ಹಣವನ್ನು ವೇದಿಕೆಯ ಖಾತೆಗೆ ಕಟ್ಟಿದೆ. ಈಗ ನಮ್ಮ ಖರ್ಚಿನ ಶೀಟು ಎಲ್ಲ ಸದಸ್ಯೆಯರಿಗೂ ತೆರೆದಿದೆ, ಪ್ರತಿ ಸಾಲಿನ ಪಕ್ಕದಲ್ಲಿ ಬಿಲ್ಲಿನ ಫೋಟೊ ಇದೆ. ಕೊನೆಯಲ್ಲಿ ಒಂದು ಹೊಸ ಕಾಲಂ ಸೇರಿಸಿದ್ದೇನೆ. ಯಾರು ಎಷ್ಟು ಗಂಟೆ ದುಡಿದರು, ಕೈಯಿಂದ ಎಷ್ಟು ಹಾಕಿ ವಾಪಸು ಕೇಳಲಿಲ್ಲ ಎಂಬುದನ್ನು ಅಲ್ಲಿ ಬರೆಯುತ್ತೇವೆ. ನಾನು ಅದನ್ನು ಸೋನಕ್ಕನ ಕಾಲಂ ಎಂದು ಕರೆಯುತ್ತೇನೆ.

ಈ ಸಂಚಿಕೆ ಓದುವ ಎಲ್ಲರಲ್ಲೂ ಒಂದು ವಿನಂತಿ. ಆ ಶೀಟನ್ನು ಒಮ್ಮೆ ತೆರೆದು ನೋಡಿ, ತಪ್ಪು ಕಂಡರೆ ಕೇಳಿ. ಈ ಸಲ ನಾನು ಎದ್ದು ಹೋಗುವುದಿಲ್ಲ.