ಸವಣೂರಿನ ನವಾಬ ಅಬ್ದುಲ್ ಹಕೀಂ ಖಾನನು

ಯುದ್ಧಕಾಲದಲ್ಲಿ ಅರಸುಮನೆತನವು ಕುಸಿದ ವೃತ್ತಾಂತವೆಂದೊಡನೆ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇತಿಹಾಸದ ತರಗತಿಯಲ್ಲಿ ಓದಿದ ರಶಿಯಾದ ಝಾರನ ನೆನಪಾಗುವದು ಸಹಜವು. ಮೊದಲನೆಯ ಮಹಾಯುದ್ಧದಲ್ಲಿ, 1915ನೆಯ ಇಸವಿಯಲ್ಲಿ, ಎರಡನೆಯ ನಿಕೋಲಸನು ಸೇನಾಧಿಪತ್ಯವನ್ನು ತಾನೇ ವಹಿಸಿಕೊಂಡನು. ಇತ್ತ ರಾಜಧಾನಿಯಲ್ಲಿ ಜನರು ರೊಟ್ಟಿಗಾಗಿ ಬೀದಿಗಿಳಿದರು. 1917ರ ಮಾರ್ಚ ತಿಂಗಳಲ್ಲಿ ಅವನು ರೈಲಿನ ಡಬ್ಬಿಯಲ್ಲಿ ಕುಳಿತುಕೊಂಡೇ ಸಿಂಹಾಸನವನ್ನು ತ್ಯಜಿಸಬೇಕಾಯಿತು. ಆದರೆ ಇಂಥ ಕಥೆಗಾಗಿ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮನೆಗಳಲ್ಲಿ ಹುಟ್ಟಿ ಬೆಳೆದವರ ಕಾಲ ಕೆಳಗಿನ ನೆಲದಲ್ಲಿಯೇ ಅಂಥದೊಂದು ಕಥೆಯು ನಡೆದುಹೋಗಿದೆ. ಅದರ ನಾಯಕನು ನವಾಬ ಅಬ್ದುಲ್ ಹಕೀಂ ಖಾನನು.

ಈ ಮನೆತನದವರು ಪಠಾಣರು. ಬಿಜಾಪುರದ ಆದಿಲಶಾಹಿಯ ಸರದಾರರಾಗಿದ್ದವರು. ಮೂಲಪುರುಷನಾದ ಅಬ್ದುಲ್ ರೌಫ್ ಖಾನನು ಔರಂಗಜೇಬ ಬಾದಶಹನಿಂದ ಬಂಕಾಪುರ, ತೊರಗಲ್ಲು, ಆಜಮನಗರವೆನಿಸಿದ ಬೆಳಗಾವಿ ಇವುಗಳಿಗೆ ಸೇರಿದ 22 ಮಹಾಲುಗಳ ಜಹಗೀರನ್ನು ಪಡೆದನು. ಮೊದಲು ಬಂಕಾಪುರದಲ್ಲಿದ್ದ ರಾಜಧಾನಿಯು ತರುವಾಯ ಸವಣೂರಿಗೆ ಬಂದಿತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಹಕೀಂ ಖಾನನು ಗಾದಿಯನ್ನೇರಿದಾಗ ರಾಜ್ಯದ ಬಹುಭಾಗವು ಮರಾಠರ ಪಾಲಾಗಿ ಹೋಗಿತ್ತು. ಬಡಗಲಲ್ಲಿ ಪೇಶ್ವೆ, ಮೂಡಲಲ್ಲಿ ನಿಜಾಮ, ಕೆಲವೇ ವರ್ಷಗಳಲ್ಲಿ ತೆಂಕಲಿಂದ ಹೈದರ ಅಲಿ: ಈ ಮೂವರ ನಡುವೆ ಅವನು ಬಾಳಬೇಕಾಗಿತ್ತು.

1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನೂ ನಿಜಾಮ ಸಲಾಬತ್ ಜಂಗನೂ ಕೂಡಿ ಸವಣೂರಿಗೆ ಮುತ್ತಿಗೆ ಹಾಕಿದರು. ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳು ಅವರೊಡನೆ ಇದ್ದವು. ಗುತ್ತಿಯ ಮುರಾರಿರಾವ್ ಘೋರ್ಪಡೆಯು ನವಾಬನ ಪಕ್ಷದಲ್ಲಿದ್ದರೂ ಕೋಟೆಯು ತಡೆಯಲಿಲ್ಲ. ನವಾಬನು ಪರಗಣೆಗಳನ್ನು ಬಿಟ್ಟುಕೊಟ್ಟು, ದೊಡ್ಡ ಖಂಡಣಿಗೆ ಒಪ್ಪಿ, ಅದಕ್ಕಾಗಿ ಬಂಕಾಪುರದ ಕೋಟೆಯನ್ನು ಹೋಳಕರನಿಗೆ ಒತ್ತೆಯಿಟ್ಟನು.

ಬಿದನೂರನ್ನು ಗೆದ್ದ ಹೈದರನು 1764ರ ಹೊತ್ತಿಗೆ ಸವಣೂರಿನ ಮೇಲೆ ಬಂದನು. ಸೋತ ನವಾಬನ ಬಳಿಯಲ್ಲಿ ನಗದು ಹಣವಿರಲಿಲ್ಲ. ಎರಡು ಲಕ್ಷ ರೂಪಾಯಿಗಳಿಗೆ ಬದಲಾಗಿ ಶಾಲುಗಳು, ರೇಶಿಮೆ, ಜರತಾರಿ ಬಟ್ಟೆಗಳು, ರತ್ನಗಂಬಳಿಗಳು, ಡೇರೆಗಳು, ಆನೆಗಳು, ಒಂಟೆಗಳು ಅರಮನೆಯಿಂದ ಹೊರಬಿದ್ದವು. ಅವುಗಳಿಗೆ ಬೆಲೆ ಕಟ್ಟಿದವನು ಕೊಡುವವನಲ್ಲ, ಕೊಳ್ಳುವವನು! ಮನೆಯ ಸಂಸಾರವನ್ನು ತೂಗಿಸಿ ಬಲ್ಲ ತಾಯಂದಿರಿಗೆ ಈ ವ್ಯವಹಾರದ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಪೇಶ್ವೆ ಮಾಧವರಾಯನು ಹಿರೇಕೆರೂರ ಸೀಮೆಯ ರಟ್ಟೀಹಳ್ಳಿಯಲ್ಲಿ ಹೈದರನನ್ನು ಸೋಲಿಸಿದನು. ಗೆದ್ದವರಾರಾದರೂ ದಂಡಿನ ಕುದುರೆಗಳು ಮೇಯ್ದದ್ದು ಈ ಸೀಮೆಯ ರೈತರ ಬೆಳೆಯನ್ನೇ.

ಇಂಥ ದಿನಗಳಲ್ಲಿಯೂ ಸವಣೂರು ವಿದ್ವಾಂಸರಿಗೆ ಎರವಾಗಿರಲಿಲ್ಲ. ಉತ್ತರಾದಿ ಮಠದ ಸತ್ಯಬೋಧ ತೀರ್ಥರು ಈ ಊರಲ್ಲಿ ವಾಸವಾಗಿದ್ದರು. 1783ರಲ್ಲಿ ಅವರು ತೀರಿಕೊಂಡ ಮೇಲೆ ಇಲ್ಲಿಯೇ ಅವರ ವೃಂದಾವನವಾಯಿತು. ನವಾಬರು ಅವರನ್ನು ಆದರಿಸುತ್ತಿದ್ದ ಸಂಗತಿಯನ್ನು ಊರ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ.

1779ರಲ್ಲಿ ಹೈದರನು ಹೊಸ ಉಪಾಯವನ್ನು ಹೂಡಿದನು. ತನ್ನ ಮಗಳನ್ನು ನವಾಬನ ಹಿರಿಯ ಮಗನಾದ ಅಬ್ದುಲ್ ಖೈರ್ ಖಾನನಿಗೆ ಕೊಟ್ಟು, ನವಾಬನ ಮಗಳನ್ನು ತನ್ನ ಎರಡನೆಯ ಮಗನಾದ ಕರೀಮನಿಗೆ ತಂದುಕೊಂಡನು. ಶ್ರೀರಂಗಪಟ್ಟಣದಲ್ಲಿ ಲಗ್ನಗಳು ವೈಭವದಿಂದ ಜರುಗಿದವು. ನವಾಬನು 2000 ಪಠಾಣ ಸವಾರರನ್ನು ಹೈದರನ ಚಾಕರಿಗೆ ಒದಗಿಸಬೇಕೆಂದೂ ಕರಾರಾಯಿತು. ಬಖೈರು ಬರೆದವರು ಸವಾರರ ಲೆಕ್ಕವನ್ನು ಜೋಕೆಯಿಂದ ಬರೆದಿಟ್ಟರು. ಆ ಇಬ್ಬರು ಹೆಣ್ಣುಮಕ್ಕಳ ಮನಸ್ಸನ್ನು ಕೇಳಿದವರು ಯಾರೂ ಇರಲಿಲ್ಲ. ಹುಡುಗಿಯರ ಶಾಲೆಯ ಪುಸ್ತಕದಲ್ಲಿ ನಾವು ಇದನ್ನು ಹೇಳದೆ ಮುಂದೆ ಹೋಗಲಾರೆವು. ಒಬ್ಬಳು ತೌರಿನ ಮಾನಕ್ಕಾಗಿ ತೆಂಕಲಿಗೆ ಹೋದಳು, ಇನ್ನೊಬ್ಬಳು ತಂದೆಯ ರಾಜಕಾರಣಕ್ಕಾಗಿ ಬಡಗಲಿಗೆ ಬಂದಳು.

ಮರುವರ್ಷವೇ ಹೈದರನು ಇಂಗ್ಲಿಷರ ಮೇಲೆ ಯುದ್ಧಕ್ಕೆ ಹೊರಟನು. ದೂರದ ಆ ಕಾಳಗಗಳಲ್ಲಿ ಸವಣೂರಿನ ಸವಾರರ ಸಂಖ್ಯೆಯು ಕುಂದಿತು. 1782ರಲ್ಲಿ ಹೈದರನು ಮರಣ ಹೊಂದಿದ ಬಳಿಕ ಅವನ ಮಗ ಟಿಪ್ಪುವು ಕಡಿಮೆಯಾದ ಸವಾರರಿಗಾಗಿ ಹಣವನ್ನು ಕೇಳತೊಡಗಿದನು. ಬಾಕಿಯ ವಸೂಲಿಗೆ ಸಾವುಕಾರರು ಬಂದರು. ಬೀಗತನವು ಸಾಲದ ಪತ್ರವಾಗಿ ಮಾರ್ಪಟ್ಟಿತು. ಬೇಸತ್ತ ನವಾಬನು 1786ರಲ್ಲಿ ಮರಾಠರನ್ನೂ ನಿಜಾಮನನ್ನೂ ಕೂಡಿಕೊಂಡನು. ಮೂವತ್ತು ವರ್ಷಗಳ ಹಿಂದೆ ತನ್ನ ಕೋಟೆಗೆ ತೋಪು ಹಚ್ಚಿದವರನ್ನೇ ಅವನು ಆಶ್ರಯಿಸಬೇಕಾಗಿ ಬಂದಿತು. ಇದನ್ನು ಅವಿವೇಕವೆಂದು ಕೆಲವರು ದೂರುತ್ತಾರೆ. ಅವನಿಗೆ ಬೇರೆ ಬಾಗಿಲು ಯಾವುದಿತ್ತೆಂಬುದು ನಮಗಂತೂ ಕಾಣದು.

ಮಳೆಗಾಲದಲ್ಲಿ ತುಂಬಿ ಹರಿಯುವ ತುಂಗಭದ್ರೆಯನ್ನು ದಂಡು ದಾಟಲಾರದೆಂದು ಮರಾಠರು ನಂಬಿದ್ದರು. ಟಿಪ್ಪುವು ಹರಿಗೋಲುಗಳಲ್ಲಿ ಸೈನ್ಯವನ್ನು ದಾಟಿಸಿ, ಸವಣೂರಿನ ಸಮೀಪದಲ್ಲಿ ಇರುಳು ಹೊತ್ತಿನಲ್ಲಿ ಮಿತ್ರರ ಪಾಳೆಯದ ಮೇಲೆ ಬಿದ್ದನು. ಮರಾಠ ಸೇನಾನಿ ಹರಿಪಂತ ಫಡಕೆಯು ಹಿಂಜರಿಯಲು ನವಾಬನೂ ಊರನ್ನು ಬಿಟ್ಟು ಅವನ ಸಂಗಡ ನಡೆದನು. ಟಿಪ್ಪುವಿನ ಸೈನ್ಯವು ಸವಣೂರನ್ನು ಹೊಕ್ಕು ಅರಮನೆಯನ್ನು ಸುಲಿಯಿತು. ಹೈದರನಿಗೆ ಕೊಟ್ಟು ಉಳಿದದ್ದು ಹೀಗೆ ಅವನ ಮಗನ ಕೈಗೆ ಸಿಕ್ಕಿತು.

1787ರಲ್ಲಿ ಗಜೇಂದ್ರಗಡದ ಒಪ್ಪಂದವಾಯಿತು; 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಿಂದ ಈ ಸೀಮೆಯು ಮರಾಠರಿಗೆ ಸಂದಿತು. ಆದರೂ ಹಕೀಂ ಖಾನನಿಗೆ ಹಿಂದಿನ ಅರಸುತನವು ಮರಳಿ ದೊರೆಯಲಿಲ್ಲ. ಪೇಶ್ವೆಯು ತಿಂಗಳಿಗೆ 10,000 ರೂಪಾಯಿಗಳ ಬಿಡುಗಾಸನ್ನು ಗೊತ್ತುಮಾಡಿದನು. ಅದೂ ಸರಿಯಾಗಿ ಕೈಸೇರುತ್ತಿರಲಿಲ್ಲ. 22 ಮಹಾಲುಗಳ ಒಡೆಯನ ವಂಶಜನು ಹೀಗೆ ಬಾರದ ಹಣದ ದಾರಿ ಕಾಯುತ್ತ ತನ್ನ ಕಡೆಯ ದಿನಗಳನ್ನು ಕಳೆದು, ಆ ದಶಕದಲ್ಲಿಯೇ ತೀರಿಕೊಂಡನು. ಮುಂದೆ ಇಂಗ್ಲಿಷ್ ಸೇನಾನಿ ವೆಲ್ಲೆಸ್ಲಿಯ ಮಾತಿನಿಂದ ಬಿಡುಗಾಸಿಗೆ ಬದಲಾಗಿ ವರ್ಷಕ್ಕೆ 48,000 ರೂಪಾಯಿಗಳ ಉತ್ಪನ್ನದ 25 ಹಳ್ಳಿಗಳು ಮನೆತನಕ್ಕೆ ದೊರೆತವು. ಹಕೀಂ ಖಾನನು ಅವನ್ನು ಕಾಣಲಿಲ್ಲ. ಆ ಹಳ್ಳಿಗಳ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ ಅವನ ವಂಶದವರ ಕೈಯಲ್ಲಿ ಉಳಿಯಿತು.